ನಾಯಿಯ ಎದೆಯಲ್ಲಿ ಮರ್ಮರ ಕೇಳಿಸಿದೆ, ಆದರೆ ಔಷಧ ಕೊಟ್ಟಿಲ್ಲ: ಮನೆಯಲ್ಲಿ ಏನನ್ನು ಗಮನಿಸುತ್ತಿರಬೇಕು?

ಉದ್ದಕಿವಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹತ್ತು ವರ್ಷದ ಡ್ಯಾಷ್‌ಹಂಡ್ ಗಂಡುನಾಯಿ ಇದೆ. ವಾರ್ಷಿಕ ಲಸಿಕೆಗೆಂದು ಕರೆದುಕೊಂಡು ಹೋದಾಗ ಪಶುವೈದ್ಯರು ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ಎದೆಯ ಎಡಭಾಗದಲ್ಲಿ ಆರರಲ್ಲಿ ಮೂರನೆಯ ದರ್ಜೆಯ ಮರ್ಮರ ಇದೆ ಎಂದರು. ಎಕ್ಸ್-ರೇ ತೆಗೆದು ನೋಡಿ, ಹೃದಯದ ಗಾತ್ರ ಸದ್ಯಕ್ಕೆ ಮಿತಿಯೊಳಗೇ ಇದೆ, ಶ್ವಾಸಕೋಶದಲ್ಲಿ ನೀರಿಲ್ಲ, ಈಗಲೇ ಔಷಧ ಬೇಡ, ಅನುಕೂಲವಾದಾಗ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದು ಹೇಳಿ ಕಳುಹಿಸಿದರು.

ಹೃದಯರೋಗ ಇದೆ ಎಂದು ಹೇಳಿ ಔಷಧ ಕೊಡದೆ ಕಳುಹಿಸಿದ್ದು ಮನಸ್ಸಿಗೆ ಸಮಾಧಾನ ತಂದಿಲ್ಲ. ನಾಯಿ ಚೆನ್ನಾಗಿ ತಿನ್ನುತ್ತದೆ, ಓಡಾಡುತ್ತದೆ. ಆದರೆ ರಾತ್ರಿಯ ಹೊತ್ತು, ಅಥವಾ ಯಾರಾದರೂ ಬಂದಾಗ ಉದ್ವೇಗಗೊಂಡರೆ, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆ ಒಣಕೆಮ್ಮು ಕೆಮ್ಮುತ್ತದೆ. ಇದು ಹೃದಯದ ಕೆಮ್ಮೇ? ಶ್ವಾಸಕೋಶದ ನೀರು ಇಳಿಸುವ ಮಾತ್ರೆಯನ್ನು ಮುಂಜಾಗ್ರತೆಯಾಗಿ ಈಗಲೇ ಶುರು ಮಾಡಿದರೆ ತಪ್ಪೇನು? ಮುಂದಿನ ತಪಾಸಣೆಯವರೆಗೆ ಮನೆಯಲ್ಲಿ ಕುಳಿತು ನಾವು ಏನನ್ನು ನೋಡುತ್ತಿರಬೇಕು? ಮನೆಯಲ್ಲಿ ಒಂದು ಬೆಕ್ಕೂ ಇರುವುದರಿಂದ, ಬೆಕ್ಕುಗಳಲ್ಲಿ ಈ ರೋಗ ಹೇಗೆ ತೋರುತ್ತದೆ ಎಂಬುದನ್ನೂ ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಸಣ್ಣಪ್ರಾಣಿ ವೈದ್ಯ (ಉತ್ತರ)

ನಿಮ್ಮ ವೈದ್ಯರು ಸರಿಯಾದ ದಾರಿಯಲ್ಲೇ ಇದ್ದಾರೆ. ಆದರೆ ಕಾರಣ ವಿವರಿಸುವಷ್ಟು ಸಮಯ ಅವರಿಗೆ ಸಿಕ್ಕಿಲ್ಲವೆಂದು ತೋರುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ನಾಯಿಯನ್ನು ನಾನು ನೋಡಿಲ್ಲ. ಆದ್ದರಿಂದ ಇದು ಸಾಮಾನ್ಯ ವಿವರಣೆಯೇ ಹೊರತು ಚಿಕಿತ್ಸೆಯ ಸಲಹೆಯಲ್ಲ.

ಡ್ಯಾಷ್‌ಹಂಡ್, ಪೊಮೆರೇನಿಯನ್, ಚಿಹುವಾಹುವಾ, ಕ್ಯಾವಲಿಯರ್ ಸ್ಪಾನಿಯಲ್ ಮುಂತಾದ ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಸೊಟ್ಟಗಾಗುವುದು ತೀರ ಸಾಮಾನ್ಯ. ನಾಯಿಗಳಲ್ಲಿ ಕಾಣುವ ಹೃದಯರೋಗಗಳ ಪೈಕಿ ಸುಮಾರು ಮುಕ್ಕಾಲು ಪಾಲು ಇದೇ. ಕವಾಟದ ಎರಡು ದಳಗಳು ಸರಿಯಾಗಿ ಕೂಡಿಕೊಳ್ಳದ ಕಾರಣ, ಹೃದಯ ಸಂಕುಚಿಸುವಾಗ ಸ್ವಲ್ಪ ರಕ್ತ ಮುಂದಕ್ಕೆ ಹೋಗುವ ಬದಲು ಹಿಂದಿನ ಕೋಣೆಗೆ, ಅಂದರೆ ಎಡ ಹೃತ್ಕರ್ಣಕ್ಕೆ, ಸೋರುತ್ತದೆ; ಆ ಸೋರಿಕೆಯ ಸದ್ದೇ ಮರ್ಮರ. ಅದರ ದರ್ಜೆ ಹೇಳುವುದು ಸದ್ದಿನ ಜೋರನ್ನು. ರೋಗ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಅದು ಒಂದು ಸುಳಿವು ಮಾತ್ರ. ಮುಖ್ಯವಾದ ಪ್ರಶ್ನೆ ಬೇರೆಯದು: ಈ ಸೋರಿಕೆಯ ಹೊರೆಯಿಂದ ಹೃದಯ ಹಿಗ್ಗಿದೆಯೇ, ಇಲ್ಲವೇ?

ಅಮೆರಿಕದ ಪಶುವೈದ್ಯಕೀಯ ಆಂತರಿಕ ಔಷಧ ತಜ್ಞರ ಕಾಲೇಜು 2009ರಲ್ಲಿ ರೂಪಿಸಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಈ ರೋಗಕ್ಕೆ ಹಂತಗಳನ್ನು ಗುರುತಿಸಿದ್ದಾರೆ. ರೋಗ ಬರುವ ಸಂಭವವಿರುವ ತಳಿಯ ಆರೋಗ್ಯವಂತ ನಾಯಿ ಎ ಹಂತದ್ದು. ಮರ್ಮರವಿದ್ದೂ ಹೃದಯ ಗಣನೀಯವಾಗಿ ಹಿಗ್ಗಿಲ್ಲದಿದ್ದರೆ ಬಿ1. ಹಿಗ್ಗಿದ್ದರೂ ಶ್ವಾಸಕೋಶಕ್ಕೆ ನೀರು ಬಂದಿಲ್ಲದಿದ್ದರೆ ಬಿ2. ನೀರು ಬಂದು ಹೃದಯ ವೈಫಲ್ಯ ಆಗಿದ್ದರೆ ಸಿ. ಸಾಮಾನ್ಯ ಔಷಧಗಳಿಗೆ ಬಗ್ಗದಿದ್ದರೆ ಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ನಾಯಿ ಬಿ1ರಲ್ಲಿ ಇರಬಹುದು. ಆ ಹಂತದಲ್ಲಿ ಕೊಟ್ಟರೆ ರೋಗ ನಿಧಾನವಾಗುತ್ತದೆ ಎಂದು ಸಾಬೀತಾದ ಔಷಧ ಯಾವುದೂ ಇಲ್ಲ. ಬಿ1ರಲ್ಲೇ ವರ್ಷಗಟ್ಟಲೆ ಉಳಿದು, ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ತೀರಿಕೊಳ್ಳುವ ನಾಯಿಗಳು ಬಹಳ.

ಬಿ2ರ ವಿಷಯ ಹಾಗಲ್ಲ. 2016ರಲ್ಲಿ ಪ್ರಕಟವಾದ ಎಪಿಕ್ ಎಂಬ ಅಧ್ಯಯನದಲ್ಲಿ, ಲಕ್ಷಣಗಳು ಇನ್ನೂ ಕಾಣಿಸಿಕೊಳ್ಳದ ಆದರೆ ಹೃದಯ ಹಿಗ್ಗಿದ ನಾಯಿಗಳಿಗೆ ಪಿಮೊಬೆಂಡಾನ್ (ಹೃದಯದ ಸಂಕೋಚನಕ್ಕೆ ಬಲ ಕೊಡುವ ಔಷಧ) ಕೊಟ್ಟಾಗ, ಹೃದಯ ವೈಫಲ್ಯ ಆರಂಭವಾಗುವುದು ಅಥವಾ ಹೃದಯದ ಕಾರಣಕ್ಕೆ ಸಾವು ಬರುವುದು ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಯಿತು. ನಾಯಿಯ ಆಯುಸ್ಸಿನ ಲೆಕ್ಕದಲ್ಲಿ ಇದು ದೊಡ್ಡ ಅವಧಿ. ಆದ್ದರಿಂದಲೇ ಎಕೋ ಮಾಡಿಸಿ ಎಂದು ಅವರು ಹೇಳಿದ್ದನ್ನು ನೀವು ಮುಂದೂಡಬಾರದು ಎಂಬುದು ನನ್ನ ಅಭಿಪ್ರಾಯ. ಎಡ ಹೃತ್ಕರ್ಣದ ಅಗಲ ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳದ) ಅಗಲದ 1.6 ಪಟ್ಟು ಅಥವಾ ಅದಕ್ಕಿಂತ ಹೆಚ್ಚಿದೆಯೇ, ಎಡ ಹೃತ್ಕುಕ್ಷಿ (ರಕ್ತವನ್ನು ಮುಂದಕ್ಕೆ ತಳ್ಳುವ ಕೆಳಗಿನ ಕೋಣೆ) ದೇಹದ ತೂಕಕ್ಕೆ ತಕ್ಕ ಮಿತಿಯನ್ನು ದಾಟಿದೆಯೇ ಎಂಬುದನ್ನು ಎಕೋದಲ್ಲಿ ಅಳೆಯುತ್ತಾರೆ. ಎಕ್ಸ್-ರೇಯಲ್ಲಿ ಹೃದಯದ ಉದ್ದ-ಅಗಲಗಳನ್ನು ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಅಳೆದು 10.5ಕ್ಕಿಂತ ಹೆಚ್ಚಿದ್ದರೆ ಅನುಮಾನಿಸುವ ಕ್ರಮವಿದೆ; ಆದರೆ ಕೆಲವು ತಳಿಗಳಲ್ಲಿ ಆರೋಗ್ಯವಂತ ಹೃದಯವೇ ಆ ಸಂಖ್ಯೆಯನ್ನು ದಾಟುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಇನ್ನು ಕೆಮ್ಮು. ಸಣ್ಣ ನಾಯಿ, ಮರ್ಮರ, ಕೆಮ್ಮು ಈ ಮೂರೂ ಒಟ್ಟಿಗೆ ಬಂದರೆ ಹೃದಯ ವೈಫಲ್ಯವೆಂದೇ ತೀರ್ಮಾನಿಸಿಬಿಡುವುದು ವೈದ್ಯರಲ್ಲೂ ಇರುವ ಹಳೆಯ ಅಭ್ಯಾಸ. ಸಣ್ಣ ತಳಿಗಳಲ್ಲಿ ಶ್ವಾಸನಾಳ ಮೆತ್ತಗಾಗಿ ಕುಸಿಯುವ ತೊಂದರೆಯೂ, ದೀರ್ಘಕಾಲದ ಬ್ರಾಂಕೈಟಿಸ್ ಕೂಡ ಅದೇ ವಯಸ್ಸಿನಲ್ಲಿ ಬರುತ್ತವೆ. ಉದ್ವೇಗಗೊಂಡಾಗ ಬರುವ ಒಣಕೆಮ್ಮು ಅವುಗಳ ಕಡೆಗೇ ಹೆಚ್ಚು ಬೆರಳು ತೋರಿಸುತ್ತದೆ. ಹಿಗ್ಗಿದ ಹೃತ್ಕರ್ಣ ಮೇಲಿನ ಶ್ವಾಸನಾಳವನ್ನು ಒತ್ತಿ ಕೆಮ್ಮು ತರಿಸುವುದೂ ಉಂಟು, ಆಗಲೂ ಶ್ವಾಸಕೋಶದಲ್ಲಿ ನೀರಿರಬೇಕೆಂದಿಲ್ಲ. ನೀರಿಲ್ಲದಿದ್ದಾಗ ನೀವು ಕೇಳಿದ ನೀರು ಇಳಿಸುವ ಮಾತ್ರೆಯನ್ನು, ಅಂದರೆ ಫ್ಯುರೋಸೆಮೈಡ್ ಅನ್ನು, ಕೊಟ್ಟರೆ ದೇಹದ ನೀರು ಮತ್ತು ಪೊಟ್ಯಾಸಿಯಂ ಕಡಿಮೆಯಾಗಿ, ಮೂತ್ರಪಿಂಡಕ್ಕೆ ಹೊರೆಯಾಗಿ, ಉಪ್ಪು-ನೀರನ್ನು ಹಿಡಿದಿಟ್ಟುಕೊಳ್ಳುವ ಹಾರ್ಮೋನುಗಳು ಕೆರಳುತ್ತವೆ. ಹೃದಯಕ್ಕೆ ಇದರಿಂದ ಉಪಕಾರವಿಲ್ಲ. ಮುಂಜಾಗ್ರತೆ ಎಂಬ ಹೆಸರಿನಲ್ಲಿ ಅದನ್ನು ದಯವಿಟ್ಟು ಶುರು ಮಾಡಬೇಡಿ. ಕೆಮ್ಮುವಾಗ ಮೊಬೈಲಿನಲ್ಲಿ ವಿಡಿಯೊ ತೆಗೆದು ವೈದ್ಯರಿಗೆ ತೋರಿಸಿ. ಆಸ್ಪತ್ರೆಯಲ್ಲಿ ನಾಯಿ ಕೆಮ್ಮುವುದಿಲ್ಲ, ಅದು ಎಲ್ಲರ ಅನುಭವ.

ಮನೆಯಲ್ಲಿ ನೋಡಬೇಕಾದದ್ದು ನಿದ್ದೆಯಲ್ಲಿರುವಾಗಿನ ಉಸಿರಿನ ಎಣಿಕೆ. ನನ್ನನ್ನು ಕೇಳಿದರೆ, ಮಾಲೀಕರ ಕೈಯಲ್ಲಿರುವ ಪರೀಕ್ಷೆಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ನಾಯಿ ಗಾಢವಾಗಿ ಮಲಗಿರುವಾಗ, ಏದುಸಿರು ಬಿಡದೆ ಇರುವಾಗ, ಎದೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಲೆಕ್ಕ ಹಿಡಿದು 30 ಸೆಕೆಂಡು ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಆರೋಗ್ಯವಂತ ನಾಯಿಗಳಲ್ಲಿ ಇದು ನಿಮಿಷಕ್ಕೆ 30ರ ಒಳಗೇ ಇರುತ್ತದೆ, ಹೆಚ್ಚಿನವುಗಳಲ್ಲಿ 25ರ ಒಳಗೆ. ಈಗ ಆರೋಗ್ಯವಾಗಿರುವಾಗಲೇ ವಾರಕ್ಕೆ ಒಂದೆರಡು ಬಾರಿ ಎಣಿಸಿ ದಿನಾಂಕದೊಂದಿಗೆ ಬರೆದಿಡಿ. ಶ್ವಾಸಕೋಶಕ್ಕೆ ನೀರು ಇಳಿಯಲು ಶುರುವಾದಾಗ ಈ ಸಂಖ್ಯೆ, ಹೊರಗಿನಿಂದ ಬೇರೇನೂ ಕಾಣುವ ಮೊದಲೇ ಏರತೊಡಗುತ್ತದೆ. 30 ದಾಟಿದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ಎಣಿಸಿ. ಹಾಗೆಯೇ ಇದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. 40 ದಾಟಿದ್ದರೆ, ಅಥವಾ ಹೊಟ್ಟೆಯನ್ನು ಒತ್ತಿ ಒತ್ತಿ ಉಸಿರೆಳೆಯುತ್ತಿದ್ದರೆ, ಕತ್ತು ಚಾಚಿ ಮೊಣಕೈಗಳನ್ನು ಹೊರಕ್ಕೆ ಮಾಡಿ ಮಲಗಲಾರದೆ ಕುಳಿತಿದ್ದರೆ, ಒಸಡು ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ.

ಮೂರು ಬೆಕ್ಕುಗಳ ಮನೆ (ಉತ್ತರ)

ಬೆಕ್ಕಿನ ಬಗ್ಗೆ ಕೇಳಿದ್ದೀರಿ. ನಮ್ಮ ಬೆಕ್ಕುಗಳಲ್ಲಿ ಒಂದಕ್ಕೆ ಹೃದಯದ ಸ್ನಾಯು ದಪ್ಪಗಾಗುವ ರೋಗವಿದ್ದು, ತಜ್ಞರ ಬಳಿ ನಿಯಮಿತವಾಗಿ ತೋರಿಸುತ್ತಿದ್ದೇವೆ. ಆದ್ದರಿಂದ ಈ ವಿಷಯವನ್ನು ಅವರಿಂದ ಕೇಳಿಯೂ ಓದಿಯೂ ತಿಳಿದುಕೊಂಡಿದ್ದೇನೆ.

ನಾಯಿಯ ಲಕ್ಷಣಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬೆಕ್ಕನ್ನು ನೋಡಿದರೆ ಏನೂ ಕಾಣುವುದಿಲ್ಲ. ಹೃದಯ ವೈಫಲ್ಯವಾದ ಬೆಕ್ಕು ಸಾಮಾನ್ಯವಾಗಿ ಕೆಮ್ಮುವುದಿಲ್ಲ. ಕೆಮ್ಮುವ ಬೆಕ್ಕಿಗೆ ಅಸ್ತಮಾ ಇರುವ ಸಂಭವವೇ ಹೆಚ್ಚು. ನಡಿಗೆಗೆ ಕರೆದೊಯ್ಯುವ ರೂಢಿಯಿಲ್ಲದ ಕಾರಣ ದಣಿವೂ ಗೊತ್ತಾಗುವುದಿಲ್ಲ. ಊಟ ಕಡಿಮೆಯಾಗುವುದು, ಎತ್ತರದ ಜಾಗಕ್ಕೆ ಹಾರುವುದನ್ನು ಬಿಡುವುದು, ಮಂಚದ ಕೆಳಗೆ ಅವಿತು ಕೂರುವುದು, ಇಷ್ಟೇ. ಮರ್ಮರವೂ ಇಲ್ಲಿ ನಂಬಿಕೆಗೆ ಅರ್ಹವಲ್ಲ: ಮರ್ಮರವಿರುವ ಎಷ್ಟೋ ಬೆಕ್ಕುಗಳ ಹೃದಯ ಸರಿಯಾಗಿಯೇ ಇರುತ್ತದೆ, ರೋಗವಿರುವ ಎಷ್ಟೋ ಬೆಕ್ಕುಗಳಲ್ಲಿ ಮರ್ಮರವೇ ಇರುವುದಿಲ್ಲ. ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಬೆಕ್ಕುಗಳಿಗೆ ಎಕೋ ಮಾಡಿ ನೋಡಿದ ಅಧ್ಯಯನಗಳಲ್ಲಿ ಸುಮಾರು 15 ಪ್ರತಿಶತದಷ್ಟರಲ್ಲಿ ಈ ರೋಗ ಕಂಡುಬಂದಿದೆ. ಮೇನ್ ಕೂನ್ ಮತ್ತು ರ‍್ಯಾಗ್‌ಡಾಲ್ ತಳಿಗಳಲ್ಲಿ ಇದಕ್ಕೆ ಕಾರಣವಾಗುವ ಜೀನ್ ದೋಷಗಳನ್ನು ಗುರುತಿಸಿದ್ದಾರೆ, ಅದಕ್ಕೆ ಪರೀಕ್ಷೆಯೂ ಇದೆ. ಆದರೆ ಪರೀಕ್ಷೆಯಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲವೆಂದು ಅರ್ಥವಲ್ಲ. ವಯಸ್ಸಾದ ಬೆಕ್ಕಿನಲ್ಲಿ ಹೃದಯದ ಗೋಡೆ ದಪ್ಪವಾಗಿದೆ ಎಂದು ತಿಳಿದಾಗ ಥೈರಾಯ್ಡ್ ಹಾರ್ಮೋನನ್ನೂ ರಕ್ತದೊತ್ತಡವನ್ನೂ ನೋಡಿಸಲೇಬೇಕು, ಏಕೆಂದರೆ ಅವೆರಡೂ ಹೃದಯವನ್ನು ಹಾಗೆಯೇ ದಪ್ಪ ಮಾಡುತ್ತವೆ, ಅವಕ್ಕೆ ಬೇರೆ ಚಿಕಿತ್ಸೆಯಿದೆ.

ಉಸಿರು ಎಣಿಸುವ ಕ್ರಮ ಬೆಕ್ಕಿಗೂ ಅದೇ, 30ರ ಗೆರೆಯೂ ಅದೇ. ಗುರುಗುಟ್ಟುತ್ತಿರುವಾಗ ಮಾತ್ರ ಎಣಿಸಬಾರದು. ವಿಶ್ರಾಂತಿಯಲ್ಲಿರುವ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ತುರ್ತು ಸ್ಥಿತಿ. ಅಂಥ ಬೆಕ್ಕನ್ನು ಹಿಡಿದು, ಬಾಯಿ ಬಿಡಿಸಿ, ಔಷಧ ಹಾಕಲು ಹೆಣಗಾಡಿದರೆ ಆ ಹೆಣಗಾಟವೇ ಅದರ ಪ್ರಾಣಕ್ಕೆ ಎರವಾಗಬಹುದು. ಬುಟ್ಟಿಯಲ್ಲಿಟ್ಟು ಸದ್ದಿಲ್ಲದೆ ಆಸ್ಪತ್ರೆಗೆ ಒಯ್ಯುವುದು, ಅಲ್ಲಿ ಮೊದಲು ಆಮ್ಲಜನಕ, ಆಮೇಲೆ ಉಳಿದ ಪರೀಕ್ಷೆ.

ಇನ್ನೊಂದು ಭಯಂಕರ ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಹಿಗ್ಗಿದ ಹೃತ್ಕರ್ಣದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಕಳಚಿ ಹೋಗಿ, ಮಹಾಪಧಮನಿ ಹಿಂಗಾಲುಗಳಿಗೆ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬೆಕ್ಕು ಇದ್ದಕ್ಕಿದ್ದಂತೆ ನೋವಿನಿಂದ ಕಿರುಚುತ್ತದೆ, ಹಿಂಗಾಲುಗಳು ಸ್ವಾಧೀನ ತಪ್ಪುತ್ತವೆ, ಪಾದಗಳು ತಣ್ಣಗಾಗಿ ಅಂಗಾಲಿನ ಮೆತ್ತೆಗಳು ಬಿಳಿಚುತ್ತವೆ ಅಥವಾ ನೀಲಿಯಾಗುತ್ತವೆ. ಎಲ್ಲಿಂದಲೋ ಬಿದ್ದು ಬೆನ್ನು ಮುರಿದುಕೊಂಡಿದೆ ಎಂದು ಭಾವಿಸಿ ಕಾಲು ಉಜ್ಜುತ್ತ ಕೂರುವವರಿದ್ದಾರೆ. ಉಜ್ಜುವುದಾಗಲಿ ಶಾಖ ಕೊಡುವುದಾಗಲಿ ಬೇಡ, ನೋವು ಕಡಿಮೆ ಮಾಡುವ ಚಿಕಿತ್ಸೆಗೆ ತಕ್ಷಣ ಒಯ್ಯಬೇಕು. ಹೃತ್ಕರ್ಣ ಹಿಗ್ಗಿರುವ ಬೆಕ್ಕುಗಳಿಗೆ ಮುಂಚಿತವಾಗಿಯೇ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಕೊಡುವುದು ಇದನ್ನು ತಪ್ಪಿಸಲೆಂದೇ. ಒಮ್ಮೆ ಹೀಗಾಗಿ ಬದುಕುಳಿದ ಬೆಕ್ಕುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇದು ಮತ್ತೆ ಮರುಕಳಿಸುವುದನ್ನು ಕ್ಲೋಪಿಡೋಗ್ರೆಲ್ ಆಸ್ಪಿರಿನ್‌ಗಿಂತ ಹೆಚ್ಚು ಕಾಲ ತಡೆಯಿತು. ಮಾತ್ರೆ ತೀರ ಕಹಿ. ಖಾಲಿ ಕ್ಯಾಪ್ಸೂಲಿನಲ್ಲಿ ತುಂಬಿ ಕೊಡದಿದ್ದರೆ ಎರಡನೆಯ ಸಲ ಬೆಕ್ಕು ನಿಮ್ಮ ಹತ್ತಿರವೂ ಸುಳಿಯುವುದಿಲ್ಲ.

ಕಪ್ಪು ಡಾಬರ್‌ಮನ್ (ಉತ್ತರದಲ್ಲೇ ಇನ್ನೊಂದು ಪ್ರಶ್ನೆ)

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮದು ಐದು ವರ್ಷದ ಡಾಬರ್‌ಮನ್. ಮರ್ಮರವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆದರೆ ಇತ್ತೀಚೆಗೆ ಓಡುತ್ತಿದ್ದಾಗ ಒಮ್ಮೆ ಕುಸಿದು ಬಿದ್ದು, ಕೆಲವೇ ಕ್ಷಣಗಳಲ್ಲಿ ಏನೂ ಆಗದಂತೆ ಎದ್ದು ಬಂತು. ಮನೆಯವರು ಫಿಟ್ಸ್ ಎನ್ನುತ್ತಿದ್ದಾರೆ. ಹೃದಯಕ್ಕೂ ಇದಕ್ಕೂ ಸಂಬಂಧವಿರಬಹುದೇ?

ಸಣ್ಣಪ್ರಾಣಿ ವೈದ್ಯ (ಉತ್ತರ)

ಇರಬಹುದು, ಮತ್ತು ಈ ವಾರವೇ ತೋರಿಸಬೇಕಾದ ವಿಷಯ ಇದು. ಫಿಟ್ಸ್ ಸಾಮಾನ್ಯವಾಗಿ ವಿಶ್ರಾಂತಿಯಲ್ಲಿ ಇರುವಾಗ ಬರುತ್ತದೆ, ಕೈಕಾಲು ಸೆಟೆದು ಬಡಿದುಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ, ಎದ್ದ ಮೇಲೂ ನಾಯಿ ಬಹಳ ಹೊತ್ತು ಮಂಕಾಗಿ ದಾರಿ ತಪ್ಪಿದಂತೆ ಓಡಾಡುತ್ತದೆ. ಶ್ರಮದ ನಡುವೆ ಮೈ ಸಡಿಲಾಗಿ ಬಿದ್ದು ಬೇಗನೆ ಎದ್ದು ಸರಿಹೋಗುವುದು, ಮಿದುಳಿಗೆ ರಕ್ತ ಕ್ಷಣಕಾಲ ಸಾಲದೆ ಬರುವ ಮೂರ್ಛೆಯ ಲಕ್ಷಣ.

ಡಾಬರ್‌ಮನ್, ಗ್ರೇಟ್ ಡೇನ್, ಐರಿಷ್ ವುಲ್ಫ್‌ಹೌಂಡ್‌ನಂಥ ದೊಡ್ಡ ತಳಿಗಳಲ್ಲಿ ಬರುವುದು ಕವಾಟದ ರೋಗವಲ್ಲ, ಹೃದಯದ ಸ್ನಾಯು ತೆಳುವಾಗಿ ಸೋತು ಹಿಗ್ಗುವ ರೋಗ. ಮೇಲೆ ನಾನು ಮರ್ಮರದ ಬಗ್ಗೆ ಬರೆದದ್ದೆಲ್ಲ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಇದು ವರ್ಷಗಟ್ಟಲೆ ಯಾವ ಸದ್ದೂ ಇಲ್ಲದೆ ಬೆಳೆಯುತ್ತದೆ, ಡಾಬರ್‌ಮನ್‌ಗಳಲ್ಲಿ ಎಷ್ಟೋ ವೇಳೆ ಅದರ ಮೊದಲ ಲಕ್ಷಣ ಮೂರ್ಛೆ ಅಥವಾ ಹಠಾತ್ ಸಾವು. ಬಾಕ್ಸರ್ ತಳಿಯಲ್ಲೂ ಮಿಡಿತದ ಲಯ ತಪ್ಪಿ ಹೀಗೆಯೇ ಆಗುತ್ತದೆ. ಆಸ್ಪತ್ರೆಯಲ್ಲಿ ಕೆಲವು ನಿಮಿಷ ತೆಗೆಯುವ ಇಸಿಜಿ ಸಾಲದು. ಎದೆಗೆ ಕಟ್ಟಿ 24 ಗಂಟೆ ಮಿಡಿತವನ್ನು ದಾಖಲಿಸುವ ಹೋಲ್ಟರ್ ಮತ್ತು ಎಕೋ ಎರಡೂ ಬೇಕು. ಡಾಬರ್‌ಮನ್‌ಗಳಿಗೆ ಮೂರನೆಯ ವಯಸ್ಸಿನಿಂದ ಪ್ರತಿವರ್ಷ ಇವೆರಡನ್ನೂ ಮಾಡಿಸಬೇಕೆಂದು ಹೃದ್ರೋಗ ತಜ್ಞರು ಸಲಹೆ ಮಾಡುತ್ತಾರೆ. ಲಕ್ಷಣ ಕಾಣುವ ಮೊದಲೇ ಹಿಡಿದರೆ ಈ ತಳಿಯಲ್ಲೂ ಪಿಮೊಬೆಂಡಾನ್ ವೈಫಲ್ಯವನ್ನು ಮುಂದೂಡುತ್ತದೆ ಎಂಬುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ಪರೀಕ್ಷೆ ಮುಗಿಯುವವರೆಗೆ ಓಟ ನಿಲ್ಲಿಸಿ.

ನಾಯಿಗೆ ಧಾನ್ಯರಹಿತ ಎಂದು ಹೆಸರಿಟ್ಟು ಬಟಾಣಿ, ಬೇಳೆಗಳನ್ನೇ ಮುಖ್ಯವಾಗಿ ಹಾಕಿದ ಒಣ ಆಹಾರ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಅಂಥ ಆಹಾರಕ್ಕೂ ಈ ರೋಗಕ್ಕೂ ಇರಬಹುದಾದ ಸಂಬಂಧದ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಕೆ ನೀಡಿತು. ಕಾರಣ ಇಂದಿಗೂ ಖಚಿತವಾಗಿಲ್ಲ, ಆದರೆ ಆಹಾರ ಬದಲಿಸಿದ ಮೇಲೆ ಹೃದಯ ಸುಧಾರಿಸಿದ ನಾಯಿಗಳಿವೆ. ಬೆಕ್ಕುಗಳ ವಿಷಯದಲ್ಲಂತೂ ಆಹಾರದ ಪಾತ್ರ ಖಚಿತ: ಟಾರೀನ್ ಎಂಬ ಅಂಶದ ಕೊರತೆಯಿಂದ ಅವುಗಳ ಹೃದಯ ಹೀಗೆ ಸೋಲುತ್ತದೆ ಎಂದು 1987ರಲ್ಲಿ ತಿಳಿದುಬಂದು, ತಯಾರಕರು ಅದನ್ನು ಸೇರಿಸತೊಡಗಿದ ಮೇಲೆ ಆ ರೋಗ ಅಪರೂಪವಾಯಿತು. ಮಾಂಸವಿಲ್ಲದ ಮನೆಯೂಟವನ್ನಷ್ಟೇ ತಿನ್ನುವ ಬೆಕ್ಕಿಗೆ ಈಗಲೂ ಅದು ಬರಬಹುದು.

ಹಳೆಯ ಸ್ಪಾನಿಯಲ್ (ಉತ್ತರ)

ಉದ್ದಕಿವಿಯವರೇ, ನಮ್ಮ ನಾಯಿ ನಿಮ್ಮದಕ್ಕಿಂತ ಎರಡು ಹಂತ ಮುಂದಿದೆ, ಸಿ ಹಂತದಲ್ಲಿ ಔಷಧ ತೆಗೆದುಕೊಳ್ಳುತ್ತಿದೆ. ಮುಂದೊಂದು ದಿನ ಬೇಕಾದೀತು ಎಂದು ದಿನನಿತ್ಯದ ಕೆಲವು ಸಂಗತಿಗಳನ್ನು ಬರೆಯುತ್ತೇನೆ.

ಪಿಮೊಬೆಂಡಾನ್ ಅನ್ನು ದಿನಕ್ಕೆ ಎರಡು ಬಾರಿ, ಊಟಕ್ಕೆ ಸುಮಾರು ಒಂದು ಗಂಟೆ ಮೊದಲು ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಫ್ಯುರೋಸೆಮೈಡ್ ಶುರುವಾದ ಮೇಲೆ ನಾಯಿ ಬಹಳ ನೀರು ಕುಡಿದು ಬಹಳ ಮೂತ್ರ ಮಾಡುತ್ತದೆ. ನೆಲ ಒದ್ದೆಯಾಗುತ್ತದೆಂದು ನೀರಿನ ಬಟ್ಟಲು ಎತ್ತಿಡುವುದು ಅಪಾಯಕಾರಿ. ಹೊರಗೆ ಬಿಡುವ ಸಲವನ್ನು ಹೆಚ್ಚಿಸಬೇಕೇ ಹೊರತು ನೀರನ್ನು ಕಡಿಮೆ ಮಾಡಬಾರದು. ಮಾತ್ರೆ ಶುರುವಾಗಿ ಅಥವಾ ಪ್ರಮಾಣ ಬದಲಾಗಿ ಒಂದೆರಡು ವಾರದೊಳಗೆ ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕೊಡಿಸುವುದನ್ನು ತಪ್ಪಿಸಬಾರದು. ವಾಂತಿಯಾಗುತ್ತಿದ್ದರೆ, ಊಟ ಬಿಟ್ಟಿದ್ದರೆ, ಅಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರನ್ನು ಕೇಳುವುದು ಕ್ಷೇಮ. ಉಸಿರು ಏರಿದರೆ ಹೆಚ್ಚುವರಿ ಮಾತ್ರೆ ಕೊಡಬಹುದೇ, ಎಷ್ಟು ಕೊಡಬಹುದು ಎಂಬುದನ್ನು ಮುಂಚಿತವಾಗಿ ಕೇಳಿ ಬರೆಸಿಟ್ಟುಕೊಂಡರೆ ನಡುರಾತ್ರಿಯಲ್ಲಿ ಊಹಿಸುವ ಸಂಕಟ ತಪ್ಪುತ್ತದೆ.

ಆಹಾರದಲ್ಲಿ ಎಲ್ಲರೂ ಊಟದ ಉಪ್ಪನ್ನು ನೋಡುತ್ತಾರೆ, ಮಾತ್ರೆ ಅಡಗಿಸಿ ಕೊಡುವ ತಿನಿಸನ್ನು ನೋಡುವುದಿಲ್ಲ. ದಿನಕ್ಕೆ ನಾಲ್ಕೈದು ಮಾತ್ರೆಗಳನ್ನು ಚೀಸಿನಲ್ಲೋ ಸಾಸೇಜಿನಲ್ಲೋ ಸುತ್ತಿ ಕೊಟ್ಟರೆ ಉಪ್ಪು ಕಡಿಮೆ ಮಾಡಿ ಏನು ಬಂತು? ಹಾಗೆಂದು ತೀರ ಸಪ್ಪೆ ಮಾಡಿ ನಾಯಿ ಊಟವನ್ನೇ ಬಿಡುವಂತಾದರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಈ ರೋಗದಲ್ಲಿ ಬೆನ್ನು ಮತ್ತು ತೊಡೆಯ ಮಾಂಸ ಕರಗುತ್ತ ಹೋಗುತ್ತದೆ, ಕರಗಿದ್ದು ಮರಳಿ ಬರುವುದು ಕಷ್ಟ. ಪ್ರೋಟೀನನ್ನು ಕಡಿಮೆ ಮಾಡಬೇಕೆಂಬುದು ತಪ್ಪು ತಿಳಿವಳಿಕೆ. ನಾವು ವಾರಕ್ಕೊಮ್ಮೆ ತೂಕ ನೋಡುತ್ತೇವೆ: ತೂಕ ಇಳಿದರೆ ಮಾಂಸ ಕರಗುತ್ತಿರಬಹುದು, ಹೊಟ್ಟೆ ಉಬ್ಬಿ ಏರಿದರೆ ನೀರು ತುಂಬುತ್ತಿರಬಹುದು. ನಡಿಗೆಯನ್ನು ನಿಲ್ಲಿಸಿಲ್ಲ, ವೇಗವನ್ನು ನಾಯಿಗೇ ಬಿಟ್ಟಿದ್ದೇವೆ. ಕುತ್ತಿಗೆಪಟ್ಟಿ ತೆಗೆದು ಎದೆಪಟ್ಟಿ ಹಾಕಿದ ಮೇಲೆ ಕೆಮ್ಮು ಎಷ್ಟೋ ಕಡಿಮೆಯಾಯಿತು. ಇದನ್ನು ನೀವು ಇಂದೇ ಮಾಡಬಹುದು.

ಉದ್ದಕಿವಿ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎಕೋಗೆ ಸಮಯ ಗೊತ್ತುಪಡಿಸಿಕೊಂಡಿದ್ದೇವೆ, ಎದೆಪಟ್ಟಿಯೂ ಬಂತು. ಉಸಿರು ಎಣಿಸಿದಾಗ ನಿಮಿಷಕ್ಕೆ 18ರಿಂದ 22ರವರೆಗೆ ಬರುತ್ತಿದೆ. ಕನಸು ಕಂಡು ಕಾಲು ಅಲ್ಲಾಡಿಸುವಾಗ ಮಾತ್ರ ಬಹಳ ಏರುತ್ತದೆ. ಎರಡು ಸಂದೇಹಗಳು ಉಳಿದಿವೆ. ಎದೆಯ ಮೇಲೆ ಕೈಯಿಟ್ಟರೆ ಮಿಡಿತ ಒಮ್ಮೆ ಬೇಗ, ಒಮ್ಮೆ ನಿಧಾನ ಎನ್ನಿಸುತ್ತದೆ, ಇದು ಲಯ ತಪ್ಪಿದ್ದೇ? ಹಲ್ಲುಗಳಲ್ಲಿ ಕಿಟ್ಟ ಬಹಳ ಕಟ್ಟಿದೆ, ಅರಿವಳಿಕೆ ಕೊಟ್ಟು ಸ್ವಚ್ಛ ಮಾಡಿಸಬೇಕೆಂದಿದ್ದೆವು, ಇನ್ನು ಅದನ್ನು ಕೈಬಿಡಬೇಕೇ?

ಸಣ್ಣಪ್ರಾಣಿ ವೈದ್ಯ

ಕನಸಿನ ಹೊತ್ತಿನ ಎಣಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ ಸಂಖ್ಯೆಗಳು ಚೆನ್ನಾಗಿವೆ.

ಉಸಿರು ಎಳೆದುಕೊಂಡಾಗ ಮಿಡಿತ ಬೇಗವಾಗಿ, ಬಿಟ್ಟಾಗ ನಿಧಾನವಾಗುವುದು ನಾಯಿಗಳಲ್ಲಿ ಸಹಜ. ಹೃದಯ ವೈಫಲ್ಯ ಆರಂಭವಾದಾಗ ಈ ಏರಿಳಿತ ಮಾಯವಾಗಿ ಮಿಡಿತ ಒಂದೇ ಸಮನೆ ವೇಗವಾಗುವುದೇ ಹೆಚ್ಚು. ಆದರೂ ನಿಮ್ಮ ಕೈಗೆ ಸಿಕ್ಕಿದ್ದು ಅದೇ ಎಂದು ನಾನು ಇಲ್ಲಿಂದ ಹೇಳಲಾರೆ. ಎಕೋ ಮಾಡುವಾಗ ಇಸಿಜಿಯನ್ನೂ ಜೊತೆಗೇ ನೋಡುತ್ತಾರೆ, ಆಗ ಕೇಳಿ.

ಹಲ್ಲಿನ ವಿಷಯದಲ್ಲಿ, ಮರ್ಮರವಿದೆ ಎಂಬ ಒಂದೇ ಕಾರಣಕ್ಕೆ ಅರಿವಳಿಕೆಯನ್ನು ನಿರಾಕರಿಸಬೇಕಾಗಿಲ್ಲ. ಬಿ1ರಲ್ಲಿರುವ ನಾಯಿಗಳು ಅದನ್ನು ಸಾಮಾನ್ಯವಾಗಿ ಚೆನ್ನಾಗಿಯೇ ತಡೆದುಕೊಳ್ಳುತ್ತವೆ, ಮತ್ತು ಮಾಡಿಸುವುದಾದರೆ ಹೃದಯ ಹಿಗ್ಗುವ ಮೊದಲೇ ಮಾಡಿಸುವುದು ಜಾಣತನ. ಹಲ್ಲುನೋವಿಗೆ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡವನ್ನು ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ಎಕೋ ವರದಿ ಬಂದ ಮೇಲೆ ದಿನ ಗೊತ್ತುಮಾಡಿ, ಆ ವರದಿಯನ್ನೂ ನೀವು ಬರೆದಿಟ್ಟ ಉಸಿರಿನ ಲೆಕ್ಕವನ್ನೂ ಅರಿವಳಿಕೆ ಕೊಡುವವರ ಕೈಗೆ ಕೊಡಿ. ಯಾವ ಔಷಧ ಬಳಸಬೇಕು, ಸಿರೆಯ ಮೂಲಕ ದ್ರವವನ್ನು ಎಷ್ಟು ನಿಧಾನವಾಗಿ ಹರಿಸಬೇಕು ಎಂಬುದನ್ನು ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.